ವೈದ್ಯಕೀಯ ವೆಚ್ಚದ ಮರುಪಾವತಿ: ಸರ್ಕಾರಿ ನೌಕರರ ಹಕ್ಕು ಮತ್ತು ಅದರ ಮಿತಿ

ಸರ್ಕಾರಿ ನೌಕರರ ವೈದ್ಯಕೀಯ ವೆಚ್ಚದ ಮರುಪಾವತಿಯು ತಮಗೆ ಸಂಬಂಧಿಸಿದ ವಿಷಯವಲ್ಲವೆಂದು ವರ್ತಕರೂ ಸಣ್ಣ ಉದ್ದಿಮೆದಾರರೂ ಭಾವಿಸುವುದುಂಟು. ಆದರೆ ಔಷಧ ಅಂಗಡಿಯ ರಸೀದಿ, ನರ್ಸಿಂಗ್ ಹೋಮಿನ ಬಿಲ್ಲು, ಶಸ್ತ್ರಚಿಕಿತ್ಸಾ ಉಪಕರಣದ ಇನ್‌ವಾಯ್ಸ್ ಇವೆಲ್ಲವೂ ವ್ಯಾಪಾರದ ಕಾಗದಗಳೇ. ಇವುಗಳ ಮೇಲಿನ ಮೊಬಲಗು ಸರ್ಕಾರದ ಖಜಾನೆಯಿಂದ ಯಾವಾಗ, ಎಷ್ಟು ಬರುತ್ತದೆ ಎಂಬುದನ್ನು ಅವಲಂಬಿಸಿ ಉದ್ರಿಯ ಲೆಕ್ಕ ನಿಲ್ಲುತ್ತದೆ.

ಮೊದಲಿಗೆ ಗಮನಿಸತಕ್ಕ ಅಂಶವೆಂದರೆ, ಈ ಹಕ್ಕು ನಿಂತಿರುವುದು ಪ್ರತ್ಯೇಕ ಅಧಿನಿಯಮದ ಮೇಲಲ್ಲ. ಕೇಂದ್ರ ನೌಕರರಿಗೆ 1944ರ ವೈದ್ಯೋಪಚಾರ ನಿಯಮಗಳಿವೆ. 1954ರಲ್ಲಿ ದೆಹಲಿಯಲ್ಲಿ ಆರಂಭವಾದ ಕೇಂದ್ರ ಸರ್ಕಾರಿ ಆರೋಗ್ಯ ಯೋಜನೆಯು ಆಡಳಿತಾತ್ಮಕ ಆದೇಶದಿಂದ ಬಂದದ್ದು. ಕರ್ನಾಟಕದಲ್ಲಿ 1963ರ ಸರ್ಕಾರಿ ನೌಕರರ ವೈದ್ಯೋಪಚಾರ ನಿಯಮಗಳು ಬಹುಕಾಲ ಆಧಾರವಾಗಿದ್ದವು. ಆದೇಶದಿಂದ ಬಂದದ್ದನ್ನು ಆದೇಶದಿಂದಲೇ ಕಿರಿದುಗೊಳಿಸಬಹುದು. ಆದುದರಿಂದಲೇ ವಿವಾದಗಳು ಪದೇ ಪದೇ ನ್ಯಾಯಾಲಯದ ಮೆಟ್ಟಿಲೇರಿದವು.

ಪಂಜಾಬಿನ ಸುರ್ಜಿತ್ ಸಿಂಗ್ ಪ್ರಕರಣ ಇವುಗಳಲ್ಲಿ ಪ್ರಸಿದ್ಧವಾದುದು. ಇಂಗ್ಲೆಂಡಿನಲ್ಲಿದ್ದಾಗ ಹೃದ್ರೋಗಕ್ಕೆ ತುತ್ತಾದ ಆ ನೌಕರರು ಅಲ್ಲಿಯೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಮರುಪಾವತಿಯನ್ನು ಮಾತ್ರ ದೆಹಲಿಯ ಎಸ್ಕಾರ್ಟ್ಸ್ ಆಸ್ಪತ್ರೆಯ ದರದಲ್ಲಿ ಕೋರಿದರು. ಸರ್ಕಾರವು ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ದರವಷ್ಟೇ ಸಲ್ಲುತ್ತದೆಂದಿತು. ಎಸ್ಕಾರ್ಟ್ಸ್ ಕೂಡ ಸರ್ಕಾರದ ಮಾನ್ಯತೆ ಪಡೆದ ಆಸ್ಪತ್ರೆಯೇ ಆಗಿದ್ದುದರಿಂದ, 1996ರಲ್ಲಿ ಸರ್ವೋಚ್ಚ ನ್ಯಾಯಾಲಯವು ನೌಕರರ ಪರವಾಗಿ ತೀರ್ಪಿತ್ತಿತು.

ಎರಡೇ ವರ್ಷಗಳಲ್ಲಿ ತಕ್ಕಡಿಯ ಇನ್ನೊಂದು ತಟ್ಟೆಯೂ ತೂಗಿತು. 1998ರ ರಾಮ್ ಲುಭಾಯಾ ಬಗ್ಗಾ ಪ್ರಕರಣದಲ್ಲಿ, ಪಂಜಾಬ್ ಸರ್ಕಾರವು 1995ರಲ್ಲಿ ಹೊರಡಿಸಿದ್ದ, ದರಕ್ಕೆ ಮಿತಿ ಹಾಕುವ ನೀತಿಯನ್ನು ಅದೇ ನ್ಯಾಯಾಲಯ ಎತ್ತಿಹಿಡಿಯಿತು. ಯಾವ ಸರ್ಕಾರದ ಸಂಪನ್ಮೂಲವೂ ಅಪರಿಮಿತವಲ್ಲ ಎಂಬುದು ಅದಕ್ಕೆ ಕಾರಣ. ಹೀಗಾಗಿ ನೌಕರನಿಗೆ ಮರುಪಾವತಿಯ ಹಕ್ಕಿದ್ದರೂ ಬಿಲ್ಲಿನ ಪೂರ್ತಿ ಮೊತ್ತದ ಹಕ್ಕಿಲ್ಲ. ನೌಕರನ ಭರವಸೆಯ ಮೇಲೆ ಉದ್ರಿ ಕೊಡುವ ಅಂಗಡಿಯವನು ಈ ಭೇದವನ್ನು ಅರಿತಿದ್ದರೆ ಒಳಿತು. ನಿಗದಿತ ದರಕ್ಕೂ ಬಿಲ್ಲಿಗೂ ಇರುವ ಅಂತರ ರೋಗಿಯ ಜೇಬಿನಿಂದಲೇ ಬರಬೇಕಾಗುತ್ತದೆ.

ಪಟ್ಟಿಯಲ್ಲಿಲ್ಲದ ಆಸ್ಪತ್ರೆಗೆ ತುರ್ತಿನಲ್ಲಿ ಸೇರಿದವರ ಗತಿಯೇನು? ಈ ಪ್ರಶ್ನೆಗೆ 2018ರ ಏಪ್ರಿಲ್‌ನಲ್ಲಿ ಶಿವಕಾಂತ್ ಝಾ ಪ್ರಕರಣದಲ್ಲಿ ಉತ್ತರ ದೊರೆಯಿತು. ನಿವೃತ್ತ ಕೇಂದ್ರ ಅಧಿಕಾರಿಯೊಬ್ಬರ ಹೃದಯಕ್ಕೆ ಬೆಲೆಬಾಳುವ ಉಪಕರಣವನ್ನು ಅಳವಡಿಸಲಾಗಿತ್ತು. ಕ್ಲೇಮಿನ ದೊಡ್ಡ ಭಾಗವನ್ನು ಇಲಾಖೆ ತಡೆಹಿಡಿದಿತ್ತು. ಆಸ್ಪತ್ರೆಯ ಹೆಸರು ಸರ್ಕಾರಿ ಆದೇಶದಲ್ಲಿಲ್ಲ ಎಂಬ ಒಂದೇ ಕಾರಣಕ್ಕೆ ಕ್ಲೇಮನ್ನು ತಿರಸ್ಕರಿಸಲಾಗದು, ಚಿಕಿತ್ಸೆ ನಿಜವಾಗಿ ನಡೆದಿದೆಯೇ ಮತ್ತು ಅದಕ್ಕೆ ದಾಖಲೆಯ ಆಧಾರವಿದೆಯೇ ಎಂಬುದೇ ನೋಡತಕ್ಕದ್ದು ಎಂದು ನ್ಯಾಯಾಲಯ ಹೇಳಿತು. ಪಿಂಚಣಿದಾರರ ಕ್ಲೇಮುಗಳು ಕಾಗದಪತ್ರ ಸಲ್ಲಿಸಿದ ಒಂದು ತಿಂಗಳೊಳಗೆ ಪಾವತಿಯಾಗಬೇಕೆಂದೂ ನಿರ್ದೇಶಿಸಿತು. ಕಚೇರಿಗಳ ನಡೆ ಬಲ್ಲವರಿಗೆ ಈ ಕಾಲಮಿತಿಯ ಬೆಲೆ ಹೇಳಬೇಕಾಗಿಲ್ಲ.

ಪರೀಕ್ಷೆಯು ದಾಖಲೆಯ ಮೇಲೆ ನಿಂತಮೇಲೆ ಮಾರಾಟಗಾರನ ರಸೀದಿಯೇ ಸಾಕ್ಷ್ಯವಾಗುತ್ತದೆ. ರೋಗಿಯ ಹೆಸರು, ದಿನಾಂಕ, ಔಷಧದ ಹೆಸರು, ಬ್ಯಾಚ್ ಸಂಖ್ಯೆ, ಪ್ರಮಾಣ ಸ್ಪಷ್ಟವಾಗಿರದ ಬಿಲ್ಲು, ಅಥವಾ ‘ಔಷಧಗಳ ಬಾಬ್ತು’ ಎಂದು ಒಂದೇ ಸಾಲಿನಲ್ಲಿ ಬರೆದುಕೊಟ್ಟ ಚೀಟಿ, ವೈದ್ಯರ ಅವಶ್ಯಕತಾ ಪ್ರಮಾಣಪತ್ರದೊಡನೆ ತಾಳೆಯಾಗದೆ ಹಿಂದಿರುಗುತ್ತದೆ. ಗ್ರಾಹಕನೂ ಮತ್ತೆ ಆ ಅಂಗಡಿಗೆ ಬರುವುದಿಲ್ಲ.

ಉದ್ದಿಮೆದಾರರ ಸ್ವಂತ ಕಾರ್ಮಿಕರ ವಿಚಾರ ಬೇರೆ. ಅವರಿಗೆ ಶಾಸಕಾಂಗವೇ 1948ರಲ್ಲಿ ಕಾರ್ಮಿಕರ ರಾಜ್ಯ ವಿಮಾ ಅಧಿನಿಯಮವನ್ನು ರೂಪಿಸಿತು. ಸಮಾನ ಅಥವಾ ಉತ್ತಮ ಸೌಲಭ್ಯವಿದ್ದ ಸರ್ಕಾರಿ ಕಾರ್ಖಾನೆಗಳನ್ನು ಅದು ಹೊರಗಿಟ್ಟಿತ್ತು. 2019ರ ಜುಲೈನಲ್ಲಿ ಮಾಲೀಕರ ವಂತಿಗೆಯು ವೇತನದ ಶೇಕಡ 4.75ರಿಂದ 3.25ಕ್ಕೆ, ಕಾರ್ಮಿಕರದು 1.75ರಿಂದ 0.75ಕ್ಕೆ ಇಳಿಯಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಈ ಅಧಿನಿಯಮ ವಿಲೀನವಾಯಿತು. ಮಾಲೀಕನು ವಂತಿಗೆ ಕಟ್ಟದೆ ಕಾರ್ಮಿಕನಿಗೆ ಸೌಲಭ್ಯ ತಪ್ಪುವಂತಾದರೆ, ನಿಗಮವು ಸೌಲಭ್ಯವನ್ನು ತಾನೇ ಕೊಟ್ಟು ಮಾಲೀಕನಿಂದ ವಸೂಲು ಮಾಡಲು ಹಳೆಯ ಅಧಿನಿಯಮದಲ್ಲಿಯೇ ಅವಕಾಶವಿತ್ತು. ಸರ್ಕಾರಿ ನೌಕರನ ಕ್ಲೇಮು ತಡವಾದರೆ ನಷ್ಟ ಅವನದು. ಇಲ್ಲಿ ತಪ್ಪಿದರೆ ಹೊರೆ ಕಾರ್ಖಾನೆಯ ಒಡೆಯನದು.

ಕರ್ನಾಟಕದಲ್ಲಿ ರಾಜ್ಯ ನೌಕರರ ತೀವ್ರ ಕಾಯಿಲೆಗಳಿಗಾಗಿ ಜ್ಯೋತಿ ಸಂಜೀವಿನಿ ಎಂಬ ನಗದುರಹಿತ ಯೋಜನೆ ಬಂದಿತ್ತು. 2025ರಲ್ಲಿ ನೌಕರರ ಮಾಸಿಕ ವಂತಿಗೆಯೊಡನೆ ಕರ್ನಾಟಕ ಆರೋಗ್ಯ ಸಂಜೀವಿನಿ ಯೋಜನೆ ಜಾರಿಗೆ ಬಂದಿತು. ನಗದುರಹಿತ ಚಿಕಿತ್ಸೆಯಲ್ಲಿ ರೋಗಿ ಕೈಯಿಂದ ಹಣ ಕೊಟ್ಟು ಕಾಯುವ ಕಷ್ಟ ತಪ್ಪುತ್ತದೆ, ಆದರೆ ಕಾಯುವಿಕೆ ಮಾಯವಾಗುವುದಿಲ್ಲ. ಅದು ಆಸ್ಪತ್ರೆಗೆ, ಆಸ್ಪತ್ರೆಯಿಂದ ಅದಕ್ಕೆ ಸರಕು ಪೂರೈಸುವ ವರ್ತಕನಿಗೆ ದಾಟುತ್ತದೆ. ಆಸ್ಪತ್ರೆಗಳಿಗೆ ಉದ್ರಿ ಸರಬರಾಜು ಮಾಡುವವರು ತಮ್ಮ ಕರಾರಿನಲ್ಲಿ ಪಾವತಿಯ ಗಡುವನ್ನು ಯೋಜನೆಯ ಹಣ ಬರುವ ದಿನಕ್ಕೆ ಕಟ್ಟದೆ ಸರಕು ಒಪ್ಪಿಸಿದ ದಿನದಿಂದಲೇ ಎಣಿಸತಕ್ಕದ್ದು.