ಹೆಡ್‌ಫೋನಿನ ಧ್ವನಿ ಕಡಿಯುವುದೇಕೆ?

ಲ್ಯಾಪ್‌ಟಾಪಿನಲ್ಲಿ ಪಾಠ ಕೇಳುವಾಗ ಹೆಡ್‌ಫೋನಿನ ಧ್ವನಿ ಪದೇಪದೇ ಕಡಿದುಹೋದರೆ, ಅಂಗಡಿಗೆ ಹಣ ತೆರುವ ಮೊದಲು ದೋಷವೆಲ್ಲಿದೆಯೆಂದು ನಾವೇ ಅರಿಯಬಹುದು. ಹೆಡ್‌ಫೋನನ್ನು ಬೇರೊಂದು ಯಂತ್ರಕ್ಕೆ ಸಿಕ್ಕಿಸಿ ನೋಡತಕ್ಕದ್ದು. ಅಲ್ಲಿಯೂ ಕಡಿದರೆ ತಪ್ಪು ತಂತಿಯದು. ಅದು ಹೆಚ್ಚಾಗಿ ಪ್ಲಗ್ಗಿನ ಬುಡದಲ್ಲಿಯೇ ಬಾಗಿ ಬಾಗಿ ಒಳಗೆ ತುಂಡಾಗುವುದು. ಸರಿಯಾಗಿ ಕೇಳಿಸಿದರೆ ಲ್ಯಾಪ್‌ಟಾಪಿನ ಜ್ಯಾಕನ್ನೇ ಪರೀಕ್ಷಿಸಬೇಕು.

3.5 ಮಿಲಿಮೀಟರ್ ಪ್ಲಗ್ಗನ್ನು ಅದರೊಳಗಿನ ಪುಟ್ಟ ಲೋಹದ ಸ್ಪ್ರಿಂಗುಗಳು ಒತ್ತಿ ಹಿಡಿದಿರುತ್ತವೆ. ಚೀಲದ ನೂಲಿನೆಳೆ, ಧೂಳು ಒಳಸೇರಿದರೆ ಪ್ಲಗ್ಗು ಪೂರ್ತಿ ಇಳಿಯದು. ಯಂತ್ರವನ್ನು ಆರಿಸಿ, ಮರದ ಹಲ್ಲುಕಡ್ಡಿಯಿಂದ ಮೆಲ್ಲನೆ ತೆಗೆಯಬೇಕು. ನಮ್ಮ ವಿದ್ಯಾರ್ಥಿನಿಲಯದಲ್ಲಿ ಸೂಜಿಯೇ ಸರ್ವರೋಗಕ್ಕೂ ಮದ್ದು. ಆದರೆ ಅದು ಸ್ಪ್ರಿಂಗನ್ನೇ ಬಗ್ಗಿಸೀತು. ಶುಚಿಮಾಡಿದ ಮೇಲೂ ಪ್ಲಗ್ಗು ಅಲುಗಿದಾಗಲೆಲ್ಲ ಧ್ವನಿ ಕಡಿದರೆ ಸ್ಪ್ರಿಂಗ್ ಸಡಿಲವಾಗಿರಬೇಕು, ಇಲ್ಲವೆ ಬೆಸುಗೆ ಬಿಟ್ಟಿರಬೇಕು. ಆಗಲೂ ಯುಎಸ್‌ಬಿ ಅಡಾಪ್ಟರಿನ ಮೂಲಕ ಹೆಡ್‌ಫೋನ್ ಜೋಡಿಸಿದರೆ ಜ್ಯಾಕಿನ ಹಂಗಿಲ್ಲ. ಪರೀಕ್ಷೆ ಹತ್ತಿರವಾದ್ದರಿಂದ ನಾನು ಹಾಗೆಯೇ ಪಾಠ ಕೇಳುತ್ತಿದ್ದೇನೆ.