ಯಂತ್ರ ನಿಂತರೂ ಆರೈಕೆ ನಿಲ್ಲುವುದಿಲ್ಲ



ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯಿಂದ ರೋಗಿಯೊಂದಿಗೆ ಮೈಸೂರಿನ ಐಸಿಯುವರೆಗೂ ಹೋಗುವ ಮಕ್ಕಳು ದಾದಿಯರನ್ನು ಕೇಳುವ ಮಾತೊಂದಿದೆ: "ಸಿಸ್ಟರ್, ಉಸಿರಾಟದ ಮಿಷನ್ ತೆಗೆಯಲು ಒಪ್ಪಿದರೆ ನಾವೇ ಅವ್ವನ ಜೀವ ತೆಗೆದಂತಾಗುವುದಿಲ್ಲವೇ?"

ವೆಂಟಿಲೇಟರ್ ಕಾಯಿಲೆಯನ್ನು ಗುಣಪಡಿಸುವುದಿಲ್ಲ. ಔಷಧಿ ಕೆಲಸ ಮಾಡುವವರೆಗೆ ಉಸಿರಿಗೆ ಆಸರೆ ಕೊಡುತ್ತದೆ. ಹಾವು ಕಚ್ಚಿದವರು, ಕೀಟನಾಶಕ ಕುಡಿದವರು ಇದರ ನೆರವಿನಿಂದ ಬದುಕಿ ಮನೆಗೆ ಹೋಗುತ್ತಾರೆ. ಅಂಥವರಿಗೆ ಮಿಷನ್ ಬೇಡವೆನ್ನಬಾರದು. ಆದರೆ ಗುಣವಾಗದ ಕಾಯಿಲೆಯ ಕೊನೆಯ ಹಂತದಲ್ಲಿ ಅದು ಸಾವನ್ನು ಮುಂದೂಡುತ್ತದೆ, ಸಂಕಟವನ್ನೂ ಬೆಳೆಸುತ್ತದೆ. ಆಗ ಜೀವ ಹೋಗುವುದು ಕಾಯಿಲೆಯಿಂದ, ನಿಮ್ಮ ಒಪ್ಪಿಗೆಯಿಂದಲ್ಲ.

ಕಾನೂನು ಏನು ಹೇಳುತ್ತದೆ?

ಘನತೆಯಿಂದ ಸಾಯುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಮಾನ್ಯ ಮಾಡಿತು. 2023ರಲ್ಲಿ ನಿಯಮಗಳನ್ನು ಸರಳಗೊಳಿಸಿತು. ಕರ್ನಾಟಕ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಸುತ್ತೋಲೆ ಹೊರಡಿಸಿತು. ಮೊದಲು ಆಸ್ಪತ್ರೆಯ ಮೂವರು ವೈದ್ಯರ ಮಂಡಳಿ, ನಂತರ ಬೇರೆ ಮೂವರ ಮಂಡಳಿ ರೋಗಿಯನ್ನು ಪರಿಶೀಲಿಸಬೇಕು. ಎರಡನೆಯದರಲ್ಲಿ ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸಿದ ವೈದ್ಯರಿರುತ್ತಾರೆ. ಮನೆಯವರ ಒಪ್ಪಿಗೆ ಬೇಕು, ಮ್ಯಾಜಿಸ್ಟ್ರೇಟರಿಗೂ ತಿಳಿಸಬೇಕು. ಇಂಜೆಕ್ಷನ್ ಕೊಟ್ಟು ಸಾಯಿಸಲು ಮಾತ್ರ ಅನುಮತಿಯಿಲ್ಲ.

ನೀವು ಮಾಡಬೇಕಾದದ್ದು

1. ಗುಣವಾಗುವ ಭರವಸೆ ಎಷ್ಟು, ಈ ಚಿಕಿತ್ಸೆಯಿಂದ ಲಾಭವೇನು, ಕಷ್ಟವೇನು ಎಂದು ವೈದ್ಯರನ್ನು ಕೇಳಿ. ಕೇಳಲು ಸಂಕೋಚ ಬೇಡ.

2. ಅವ್ವನಿಗೆ ಮಾತು ಬರುವಂತಿದ್ದರೆ ಏನು ಹೇಳುತ್ತಿದ್ದರು ಎಂದು ಎಲ್ಲರೂ ಕೂಡಿ ಯೋಚಿಸಿ. ಒಬ್ಬ ಮಗನ ತಲೆಯ ಮೇಲೆ ಹೊರಿಸಬೇಡಿ.

3. ಮನೆಯಲ್ಲೇ ಕಣ್ಣು ಮುಚ್ಚಲಿ ಎಂಬ ಆಸೆಯಿದ್ದರೆ ಮೊದಲೇ ವೈದ್ಯರಿಗೆ ತಿಳಿಸಿ. ನೋವಿಗೆ, ಏದುಸಿರಿಗೆ ಔಷಧಿ ಬರೆಸಿಕೊಳ್ಳಿ. ಹಾಗೆಯೇ ಹೊರಟರೆ ದಾರಿಯಲ್ಲೇ ಜೀವ ಒದ್ದಾಡುತ್ತದೆ. ಸರಿಯಾದ ಪ್ರಮಾಣದ ಮಾರ್ಫಿನ್ ನೋವು ತಗ್ಗಿಸುತ್ತದೆ. ಅದು ಸಾಯಿಸುವ ಮದ್ದಲ್ಲ.

4. ಬಾಯಿಗೆ ನೀರು ಬಿಡುವ ಮುನ್ನ ಸಿಸ್ಟರ್‌ಗೆ ಹೇಳಿ. ನುಂಗಲಾರದವರಿಗೆ ನೀರು ಶ್ವಾಸಕೋಶಕ್ಕೆ ಇಳಿಯಬಹುದು. ಒದ್ದೆ ಹತ್ತಿಯಿಂದ ತುಟಿ ಸವರಿದರೆ ಸಾಕು.

ಮಿಷನ್ ತೆಗೆದ ಮೇಲೂ ಮಗ್ಗುಲು ಬದಲಿಸುವುದು, ಬಾಯಿ ಶುಚಿಮಾಡುವುದು, ನೋವಿಗೆ ಔಷಧಿ ಕೊಡುವುದು ನಡೆದೇ ಇರುತ್ತದೆ. ನೀವು ಕೈ ಹಿಡಿದು ಕುಳಿತು ಮಾತನಾಡಿಸಿ. ಕಣ್ಣು ಮುಚ್ಚಿದ್ದರೂ ಅವರಿಗೆ ಕೇಳಿಸುತ್ತಿರಬಹುದು.

ಆರೋಗ್ಯವಾಗಿರುವಾಗಲೇ ನಿಮ್ಮ ಇಚ್ಛೆಯನ್ನು ಮನೆಯಲ್ಲಿ ಹೇಳಿಡಿ. 18 ವರ್ಷ ದಾಟಿದವರು ಅದನ್ನು ಬರೆದು, ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಳ್ಳಬಹುದು. ಆಗ ಮಕ್ಕಳು ಐಸಿಯು ಬಾಗಿಲಲ್ಲಿ ನಿಮ್ಮ ಮನಸ್ಸನ್ನು ಊಹಿಸುತ್ತಾ ಕೂರಬೇಕಾಗಿಲ್ಲ.