ಹಿಂಡಲಗಾದಿಂದ ತಮ್ಮ ಬರುವಾಗ

ಜಾಮೀನು ಮಂಜೂರಾಯಿತು ಎಂದು ವಕೀಲರ ಫೋನ್ ಬಂದ ಕೂಡಲೇ ಕುಂದಾ ತರಲು ಯಾರನ್ನೂ ಪೇಟೆಗೆ ಓಡಿಸಬೇಡ ತಂಗಿ. ಮಂಜೂರಾತಿ ಬೇರೆ, ಬಿಡುಗಡೆ ಬೇರೆ. ಬೆಳಗಾವಿ ಕೋರ್ಟಿನಲ್ಲಿ ವಕೀಲರ ಗುಮಾಸ್ತಿಕೆ ಮಾಡುತ್ತಲೇ ತಲೆ ಬೆಳ್ಳಗಾದವನು ನಾನು. ಇವೆರಡರ ನಡುವೆ ವಾರಗಟ್ಟಲೆ ಸಿಕ್ಕಿಬಿದ್ದವರನ್ನು ಬೇಕಾದಷ್ಟು ಕಂಡಿದ್ದೇನೆ. ಹಿಂಡಲಗಾ ಜೈಲಿನವರ ಜವಾಬ್ದಾರಿ ಗೇಟಿಗೆ ಮುಗಿಯುತ್ತದೆ. ಅಲ್ಲಿಂದ ಮುಂದಿನ ಹದಿನೈದು ದಿನ ಮನೆಯವರದು. ನಿನ್ನ ತಮ್ಮ ಮತ್ತೆ ಒಳಗೆ ಹೋಗುತ್ತಾನೋ ಊರಲ್ಲಿ ನಿಲ್ಲುತ್ತಾನೋ ಎಂಬುದು ಬಹುಮಟ್ಟಿಗೆ ಆ ಹದಿನೈದು ದಿನದಲ್ಲೇ ತೀರ್ಮಾನವಾಗಿಬಿಡುತ್ತದೆ.

ಮೊದಲು ಕಾಗದದ ಮಾತು. ಆದೇಶದಲ್ಲಿ ಎಷ್ಟು ಮೊತ್ತದ ಬಾಂಡ್, ಎಷ್ಟು ಜನ ಜಾಮೀನುದಾರರು, ಯಾವ ಯಾವ ಷರತ್ತು ಎಂದು ವಕೀಲರಿಂದ ಓದಿಸಿ, ಕನ್ನಡದಲ್ಲಿ ಬರೆಸಿಕೊ. ಜಾಮೀನು ನಿಲ್ಲುವವನ ಆಧಾರ್, ಭಾವಚಿತ್ರ, ಹೊಲದ ಪಹಣಿ ಸಿದ್ಧವಿರಲಿ. ಕೋರ್ಟಿನ ಆವರಣದಲ್ಲಿ ದುಡ್ಡು ತೆಗೆದುಕೊಂಡು ಜಾಮೀನು ನಿಲ್ಲುತ್ತೇವೆ ಎನ್ನುವವರು ಸಿಗುತ್ತಾರೆ, ಅವರ ಹತ್ತಿರ ಸುಳಿಯಬೇಡ. ನಾಳೆ ಆ ಪಹಣಿ ಖೊಟ್ಟಿ ಎಂದು ಗೊತ್ತಾದರೆ ನಿನ್ನ ತಮ್ಮನ ಜಾಮೀನೂ ಹೋದಂತೆ, ಹೊಸ ಕೇಸೂ ಬಂದಂತೆ. ಸೋದರಮಾವನ ಹೊಲ ಬೇರೆ ಜಿಲ್ಲೆಯಲ್ಲಿದೆ, ನಡೆಯುತ್ತದೋ ಇಲ್ಲವೋ ಎಂದು ಕೇಳಿದ್ದೆಯಲ್ಲ? 1978ರಲ್ಲೇ ಮಧ್ಯಪ್ರದೇಶದ ಮೋತಿರಾಮ್ ಎಂಬ ಗೌಂಡಿಯ ಕೇಸಿನಲ್ಲಿ ಇದೇ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದೆ ಬಂದಿತ್ತು. ಹತ್ತು ಸಾವಿರ ರೂಪಾಯಿಯ ಜಾಮೀನು ಕೇಳಿದ್ದ ಮ್ಯಾಜಿಸ್ಟ್ರೇಟರು, ಒಡಹುಟ್ಟಿದವನ ಆಸ್ತಿ ಬೇರೆ ಜಿಲ್ಲೆಯದು ಎಂದು ಬೇಡವೆಂದಿದ್ದರು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅದನ್ನು ಒಪ್ಪಲಿಲ್ಲ, ಸಾವಿರ ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಆ ಬಡವನನ್ನು ಬಿಡಿಸಿದರು. ಇಷ್ಟು ವರ್ಷ ಕಳೆದ ಮೇಲೂ ಕೆಳಗಿನ ಕೋರ್ಟುಗಳಲ್ಲಿ ಹಳೆಯ ರೂಢಿ ಪೂರ್ತಿ ಹೋಗಿಲ್ಲ. ಆದ್ದರಿಂದ ಮಾವನ ಕಾಗದವನ್ನು ಮೊದಲೇ ವಕೀಲರ ಕಣ್ಣಿಗೆ ಹಾಕು.

ಬೇರೆ ಠಾಣೆಯಲ್ಲೋ ಬೇರೆ ಕೋರ್ಟಿನಲ್ಲೋ ಅವನ ಮೇಲೆ ಇನ್ನೊಂದು ಕೇಸು ಬಾಕಿ ಇದೆಯೇ ಎಂದು ಅವನ ಬಾಯಿಂದಲೇ ಕೇಳಿಕೋ. ಅಂಥ ಕೇಸಿನ ಬಾಡಿ ವಾರಂಟ್ ಇದ್ದರೆ ಈ ಕೇಸಿನ ಬಿಡುಗಡೆ ಆದೇಶ ಜೈಲು ಮುಟ್ಟಿದರೂ ಅವನನ್ನು ಬಿಡುವುದಿಲ್ಲ. ಗೇಟಿನ ಹೊರಗೆ ದಿನವಿಡೀ ಕಾದು ಅಳುತ್ತ ಬರುವವರಲ್ಲಿ ಅರ್ಧ ಜನ ಈ ಒಂದು ಪ್ರಶ್ನೆ ಕೇಳದೇ ಹೋದವರು.

ಆದೇಶ ಸಂಜೆ ತಡವಾಗಿ ತಲುಪಿತೋ, ಬಿಡುವುದು ಮರುದಿನವೇ. ಅದಕ್ಕೆ ರೇಗಾಡಬೇಡ. ಕರೆತರಲು ನೀನೇ ಹೋಗು, ಅವನ ಗೆಳೆಯರನ್ನು ಕಳಿಸಬೇಡ. ನಿನಗೇನೋ ಬಸ್ಸಿನಲ್ಲಿ ಶಕ್ತಿ ಯೋಜನೆ ಇದೆ, ಅವನ ಟಿಕೆಟಿಗೆ ದುಡ್ಡು ಇಟ್ಟುಕೋ. ಒಳಗೆ ಹೋಗುವಾಗ ಜಮಾ ಮಾಡಿದ ಹಣ, ಮೊಬೈಲು, ಉಂಗುರ ಏನಿದ್ದರೂ ಎಣಿಸಿಕೊಂಡೇ ಸಹಿ ಹಾಕಲಿ. ಜೈಲಿನ ಆಸ್ಪತ್ರೆಯಲ್ಲಿ ಔಷಧಿ ಕೊಡುತ್ತಿದ್ದರೇ ಎಂದು ಅಲ್ಲೇ ಕೇಳು. ಕ್ಷಯದ ಮಾತ್ರೆ ಶುರುವಾಗಿದ್ದರೆ ಆ ಚೀಟಿ ಇಲ್ಲದೆ ಹೊರಡಲೇಬೇಡ. ಸಾಮಾನ್ಯ ಕ್ಷಯಕ್ಕೂ ಆರು ತಿಂಗಳು ಬಿಡದೆ ಮಾತ್ರೆ ನುಂಗಬೇಕು. ನಡುವೆ ನಿಂತರೆ ಮುಂದೆ ಆ ಮದ್ದಿಗೇ ರೋಗ ಜಗ್ಗದು. ನಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅದು ಪುಕ್ಕಟೆ ಸಿಗುತ್ತದೆ, ಬಂದ ಮರುದಿನವೇ ಹೆಸರು ಹಚ್ಚಿಸು.

ಇನ್ನು ಮೆರವಣಿಗೆಯ ಮಾತು. ಓಣಿಯ ಹುಡುಗರು ಹಾರ, ಪಟಾಕಿ ಎಂದು ಈಗಲೇ ಮಾತಾಡಿಕೊಳ್ಳುತ್ತಿರುವುದು ನನ್ನ ಕಿವಿಗೂ ಬಿದ್ದಿದೆ. 2025ರ ಮೇ ತಿಂಗಳಲ್ಲಿ ಹಾವೇರಿ ಜಿಲ್ಲೆಯ ಅಕ್ಕಿಆಲೂರಿನಲ್ಲಿ ಏನಾಯಿತು ಎಂದು ಅವರಿಗೆ ನೆನಪು ಮಾಡಿಕೊಡು. ಸಾಮೂಹಿಕ ಅತ್ಯಾಚಾರದ ಕೇಸಿನಲ್ಲಿ ಜಾಮೀನು ಸಿಕ್ಕವರು ಕಾರು, ಬೈಕು ಕಟ್ಟಿಕೊಂಡು ಊರೊಳಗೆ ಮೆರೆದರು, ಬೆರಳಲ್ಲಿ ಗೆಲುವಿನ ಸನ್ನೆ ತೋರಿಸಿದರು. ವಿಡಿಯೊ ನಾಡೆಲ್ಲ ಹಬ್ಬಿತು, ಪೊಲೀಸರು ಹೊಸ ಕೇಸು ದಾಖಲಿಸಿದರು. ಆ ಹೆಣ್ಣುಮಗಳು ಮನೆಯೊಳಗೆ ಕೂತು ಆ ಸದ್ದನ್ನು ಹೇಗೆ ಕೇಳಿರಬೇಕು, ಯೋಚಿಸು. ಜಾಮೀನು ಎಂದರೆ ಗೆಲುವಲ್ಲ. ವಿಚಾರಣೆ ಮುಗಿಯುವ ತನಕ ಹೊರಗಿದ್ದು ಕರೆದಾಗ ಬರುತ್ತೇನೆಂಬ ಮಾತು, ಅಷ್ಟೇ.

ನಿಮ್ಮ ಸಂಗತಿಯಲ್ಲಿ ಇದು ಇನ್ನೂ ಸೂಕ್ಷ್ಮ. ಬದುವಿನ ಜಗಳದಲ್ಲಿ ಪೆಟ್ಟು ತಿಂದವನು ನಿಮ್ಮ ದೊಡ್ಡಪ್ಪನ ಮಗ. ಗೋಡೆ ಒಂದೇ, ಬಾವಿ ಒಂದೇ. ಸಾಕ್ಷಿಗಳೆಲ್ಲ ಅದೇ ಓಣಿಯವರು. ತಲೆಗೆ ಹೊಲಿಗೆ ಬಿದ್ದವನಿಗೆ ನಿನ್ನ ತಮ್ಮನ ಹೆಜ್ಜೆ ಸಪ್ಪಳ ಕೇಳಿದರೂ ಹೆದರಿಕೆಯಾದೀತು, ಅದು ನಾಟಕವಲ್ಲ. ಬಿಡುಗಡೆಯ ಸುದ್ದಿ ಅವರಿಗೆ ಪಟಾಕಿಯಿಂದ ತಿಳಿಯಬಾರದು. ಬೀಟ್ ಪೊಲೀಸರಿಗೆ ಮೊದಲೇ ತಿಳಿಸಿ, ಅವರ ಮೂಲಕವೇ ಆ ಮನೆಗೆ ಮುಟ್ಟಿಸು. ಸಾಕ್ಷಿದಾರರಿಗೆ ಜೀವಭಯವಿದ್ದರೆ ರಕ್ಷಣೆ ಕೇಳುವ ಹಕ್ಕಿದೆ. 2018ರಲ್ಲಿ ಸುಪ್ರೀಂ ಕೋರ್ಟು ಒಪ್ಪಿದ ಸಾಕ್ಷಿ ಸಂರಕ್ಷಣಾ ಯೋಜನೆ ಇದೆ. ಅವರು ಅದನ್ನು ಕೇಳಿದರೆ ಸಿಟ್ಟಾಗಬೇಡ. ಅವರು ನಿಶ್ಚಿಂತೆಯಿಂದ ಮಲಗಿದರೆ ನಿಮಗೂ ನಿದ್ದೆ.

ಹಿರಿಯರು ನಾಲ್ವರು ಕೂತು ರಾಜಿ ಮಾಡಿಸೋಣ ಎನ್ನುತ್ತಾರೆ. ನಾನೂ ಹಿರಿಯನೇ, ಆದರೂ ಈಗಲೇ ಬೇಡ ಎನ್ನುತ್ತೇನೆ. ಒಳ್ಳೆಯ ಮಾತಿಗೆಂದೇ ಹೋದರೂ, ಸಾಕ್ಷಿಯ ಮನೆ ಬಾಗಿಲಿಗೆ ಆರೋಪಿಯ ಕಡೆಯವರು ಹೋದರೆ ಬೆದರಿಕೆ ಎಂದೇ ಅರ್ಜಿ ಬೀಳುತ್ತದೆ, ಜಾಮೀನು ರದ್ದಾಗಲೂಬಹುದು. ಮಾತೇನಿದ್ದರೂ ಎರಡೂ ಕಡೆಯ ವಕೀಲರು ಆಡಲಿ. ನನ್ನ ಸಲಹೆ ಕೇಳುವೆಯಾದರೆ ಸಾಕ್ಷಿ ವಿಚಾರಣೆ ಮುಗಿಯುವವರೆಗೆ ಅವನು ಸೋದರಮಾವನ ಊರಲ್ಲಿರಲಿ. ಸುಮ್ಮನೆ ಹೊರಟುಬಿಡುವಂತಿಲ್ಲ ಮತ್ತೆ. ಕೋರ್ಟಿನ ಹದ್ದು ದಾಟಬಾರದೆಂಬ ಷರತ್ತು ಇದ್ದರೆ ಅನುಮತಿ ಬೇಕು, ಇಲ್ಲದಿದ್ದರೂ ಹೊಸ ವಿಳಾಸವನ್ನು ಕೋರ್ಟಿಗೂ ಠಾಣೆಗೂ ಲಿಖಿತವಾಗಿ ಕೊಡಬೇಕು.

ಇನ್ನೊಂದು, ಹೇಳಲು ಸಂಕೋಚ, ಆದರೂ ಹೇಳುತ್ತೇನೆ. ಕುಡಿತ. ಜಗಳವಾದ ದಿನವೂ ಅದೇ ಅಲ್ಲವೇ ಕಾರಣ? ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಜೈಲಿನಿಂದ ಹೊರಬಂದ ಮೂವತ್ತು ಸಾವಿರ ಜನರ ಲೆಕ್ಕ ಹಿಡಿದು 2007ರಲ್ಲಿ ವೈದ್ಯರು ಒಂದು ವರದಿ ಪ್ರಕಟಿಸಿದರು. ಹೊರಬಂದ ಮೊದಲ ಎರಡು ವಾರ ಅವರಲ್ಲಿ ಸಾವಿನ ಅಪಾಯ ಉಳಿದ ಜನರಿಗಿಂತ ಸುಮಾರು ಹದಿಮೂರು ಪಟ್ಟು. ಮುಖ್ಯ ಕಾರಣ ಅಮಲು ಪದಾರ್ಥದ ಮಿತಿಮೀರಿದ ಸೇವನೆ. ಒಳಗಿದ್ದಾಗ ಅಭ್ಯಾಸ ತಪ್ಪಿದ ಮೈಗೆ ಹಳೆಯ ಪ್ರಮಾಣವೇ ವಿಷ. ಅಲ್ಲಿಯದು ಹೆಚ್ಚಾಗಿ ಮಾದಕ ವಸ್ತುವಿನ ಕತೆ, ನಮ್ಮಲ್ಲಿ ಸಾರಾಯಿ. ಆದರೂ ಆ ಎರಡು ವಾರ ಅಪಾಯದ್ದೇ. ಪಾರ್ಟಿಗೆ ಬಾ ಎನ್ನುವ ಗೆಳೆಯನನ್ನು ಬಾಗಿಲಲ್ಲೇ ನಿಲ್ಲಿಸು, ಬೈಸಿಕೊಂಡರೂ ಚಿಂತೆಯಿಲ್ಲ.

ಮನೆಗೆ ಬಂದವನಿಗೆ ನಿದ್ದೆ ಬರಲಿಕ್ಕಿಲ್ಲ. ರಾತ್ರಿಯಿಡೀ ದೀಪ ಉರಿಯುವ ಬ್ಯಾರಕ್ಕಿನಲ್ಲಿ ಮಲಗಿದವನು, ಎಣಿಕೆಯ ಹೊತ್ತಿಗೆ ತಾನಾಗಿ ಎದ್ದು ಕೂರಬಹುದು. ಜನ ಹೆಚ್ಚು ಸೇರಿದರೆ ಎದ್ದು ಹೊರಗೆ ಹೋಗಬಹುದು. ಉಪದೇಶ ಮಾಡಬೇಡ, ಒಳಗಿನ ಸುದ್ದಿ ಕೆದಕಬೇಡ. ಮಾತೇ ಬಿಟ್ಟು ಕೂತರೆ, ಬದುಕೇ ಬೇಡವೆಂಬಂತಿದ್ದರೆ ಮಾತ್ರ ಸುಮ್ಮನಿರಬೇಡ, 14416 ಟೆಲಿ-ಮಾನಸ್‌ಗೆ ಫೋನ್ ಮಾಡು, ಕನ್ನಡದಲ್ಲೇ ಮಾತಾಡುತ್ತಾರೆ. ಅವನ ಮಗಳಿಗೆ ಅಪ್ಪ ಗೋವೆಗೆ ದುಡಿಯಲು ಹೋಗಿದ್ದಾನೆಂದು ಹೇಳಿದ್ದೀರಿ. ಶಾಲೆಯ ಮಕ್ಕಳ ಬಾಯಿಂದ ನಿಜ ತಿಳಿಯುವ ಮೊದಲು ಅವನೇ ಅವಳಿಗೆ ಹೇಳಲಿ, ನೀನು ಪಕ್ಕದಲ್ಲಿ ಕೂತಿರು.

ದುಡಿಮೆಗೆ ಬೇಗ ಹಚ್ಚು. ಪಗಾರ ಕಡಿಮೆಯಾದರೂ ಅಡ್ಡಿಯಿಲ್ಲ, ವಾಯಿದೆಯ ದಿನ ಮತ್ತು ಠಾಣೆಗೆ ಸಹಿ ಹಾಕುವ ದಿನ ರಜೆ ಕೊಡುವ ಧಣಿಯಾಗಿರಬೇಕು. ಈ ಮಾತನ್ನು ಧಣಿಗೆ ಮೊದಲೇ ಹೇಳಿಬಿಡಬೇಕು, ಮುಚ್ಚಿಟ್ಟರೆ ಮೊದಲ ವಾಯಿದೆಗೇ ಕೆಲಸ ಹೋಗುತ್ತದೆ. ಅಡುಗೆಮನೆಯ ಕಾಲನಿರ್ಣಯ ಕ್ಯಾಲೆಂಡರಿನಲ್ಲಿ ವಾಯಿದೆಯ ತಾರೀಖಿಗೆ ಕೆಂಪು ಸುತ್ತು ಹಾಕು. ಜಾಮೀನಿನ ಮೇಲಿದ್ದವನು ಕಾರಣವಿಲ್ಲದೆ ತಪ್ಪಿಸಿದರೆ ವಾರಂಟ್, ಮಾವನ ಬಾಂಡ್ ಜಪ್ತಿ. ಸಾಲದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯ 269ನೇ ಕಲಮಿನಡಿ ಒಂದು ವರ್ಷದವರೆಗೆ ಬೇರೆಯೇ ಶಿಕ್ಷೆ. ಜ್ವರ ಬಂದು ಏಳಲಾಗದಿದ್ದರೆ ಅದೇ ಬೆಳಿಗ್ಗೆ ವಕೀಲರಿಗೆ ತಿಳಿಸಿ ಹಾಜರಾತಿ ವಿನಾಯಿತಿಯ ಅರ್ಜಿ ಹಾಕಿಸು. ನಾಳೆ ಹೇಳಿದರಾಯಿತು ಎಂದು ಬಿಟ್ಟು ಒಳಗೆ ಹೋದವರು, ಹೊಸ ತಪ್ಪು ಮಾಡಿ ಒಳಗೆ ಹೋದವರಿಗಿಂತ ಕಡಿಮೆಯಿಲ್ಲ. ನನ್ನ ಅನುಭವ ಇದು.

ಕೊನೆಗೆ ನಿನಗಲ್ಲ, ಮುಲಾಖತ್ತಿನ ಸಾಲಿನಲ್ಲಿ ನಿನ್ನ ಪಕ್ಕ ನಿಲ್ಲುತ್ತಿದ್ದ ಆ ಮುದುಕಿಗೆ. ಮಗನಿಗೆ ಜಾಮೀನು ಸಿಕ್ಕಿದೆ, ನಿಲ್ಲುವವರಿಲ್ಲ ಎಂದು ಅತ್ತಳಂತೆ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ ಸುಮಾರು ಐದೂಮುಕ್ಕಾಲು ಲಕ್ಷ ಜನರಲ್ಲಿ ನಾಲ್ಕೂಕಾಲು ಲಕ್ಷಕ್ಕೂ ಹೆಚ್ಚು ಮಂದಿ ಇನ್ನೂ ತೀರ್ಪಾಗದವರು. ಅವಳ ಮಗನಂಥವರು ಅವರಲ್ಲಿ ಎಷ್ಟೋ. ಜಾಮೀನು ಸಿಕ್ಕು ಏಳು ದಿನವಾದರೂ ಬಿಡುಗಡೆಯಾಗದಿದ್ದರೆ ಜೈಲು ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕೆಂದು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ತಿಂಗಳಾದರೂ ಬಾಂಡ್ ಕೊಡಲಾಗದಿದ್ದರೆ ಷರತ್ತು ಸಡಿಲಿಸುವ ವಿಚಾರವನ್ನು ಕೋರ್ಟು ತಾನಾಗಿಯೇ ಕೈಗೆತ್ತಿಕೊಳ್ಳಬಹುದು. ಬಡ ಬಂದಿಗಳಿಗೆಂದು ಅದೇ ವರ್ಷ ಕೇಂದ್ರ ಸರಕಾರ ತಂದ ಯೋಜನೆಯಲ್ಲಿ ಜಾಮೀನಿಗೆ ಹಣದ ನೆರವಿದೆ, ಕೆಲವು ಬಗೆಯ ಕೇಸುಗಳಿಗೆ ಮಾತ್ರ ಇಲ್ಲ. ಬಂಧನದಲ್ಲಿರುವ ಯಾರಿಗೇ ಆಗಲಿ ಆದಾಯ ಕೇಳದೆ ಸರಕಾರವೇ ವಕೀಲರನ್ನು ಕೊಡುತ್ತದೆ. ಫೋನ್ ನಂಬರು 15100. ನಾಳೆ ಹಿಂಡಲಗಾಕ್ಕೆ ಹೋದಾಗ ಅದನ್ನೊಂದು ಚೀಟಿಯಲ್ಲಿ ಬರೆದು ಅವಳ ಕೈಗೆ ಕೊಟ್ಟು ಬಾ.